ನೆಗಡಿ ಹಿಡಿದ ಪೆಟ್ಟಿಗೆಗಳು

ಮಾನ್ವಿಯ ನಮ್ಮ ಮನೆಯ ಪಡಸಾಲೆಯಲ್ಲಿ ತೇಗದ ಮರದ ಎರಡು ಪೆಟ್ಟಿಗೆಗಳಿವೆ. ಹೊಸಬರು ಬಂದರೆ ಒಂದರ ಮೇಲೆ ಕೈಚೀಲ ಇಡುತ್ತಾರೆ, ಇನ್ನೊಂದರ ಮೇಲೆ ತಾವೇ ಕೂರಲು ನೋಡುತ್ತಾರೆ. ಎರಡನ್ನೂ ನಾನು ತಡೆಯುತ್ತ ಬಂದಿದ್ದೇನೆ. ತಡೆದದ್ದಕ್ಕೆ ಮುಖ ಊದಿಸಿಕೊಂಡು ಹೋದವರ ಹೆಸರುಗಳೂ ನನಗೆ ನೆನಪಿವೆ. ಅವು ಕಾಳಿನ ಪೆಟ್ಟಿಗೆಗಳಲ್ಲ, ಸ್ಪೀಕರುಗಳು. ಮುಂದೆ ಬಟ್ಟೆಯ ಪರದೆ, ಅದರ ಹಿಂದೆ ತಾಟಿನಗಲದ ಒಂದು ದೊಡ್ಡ ಸ್ಪೀಕರು, ಅದರ ಮೇಲೆ ಹಿಡಿ ಗಾತ್ರದ ಸಣ್ಣದೊಂದು. ಎಡಗಡೆಯ ಪೆಟ್ಟಿಗೆಯ ಪರದೆಯ ಮೇಲೆ ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಸೀಮೆಯ ನಕಾಶೆಯಂತಹ ಕಲೆಯೊಂದಿದೆ. ಅದು ಎಳನೀರಿನದಲ್ಲ, ಪೂಜೆಯ ಕಾಯಿಯ ನೀರಿನದು. ಆ ವಿಚಾರ ಮುಂದೆ ಬರುತ್ತದೆ.

ಕಳೆದ ಭಾನುವಾರ ನನ್ನ ಮಗಳು ಧೂಳು ಹೊಡೆಯುತ್ತ ಪೆಟ್ಟಿಗೆಯ ಹಿಂಭಾಗಕ್ಕೆ ಹೋದಳು. ನಾನು ಆಗಷ್ಟೇ ನನ್ನ ಹಳೆಯ ಶಹನಾಯಿಯ ಗ್ರಾಮಫೋನ್ ತಟ್ಟೆಯನ್ನು ಹಚ್ಚಿದ್ದೆ. ಆಕೆ ಎರಡೂ ಕಿವಿ ಮುಚ್ಚಿಕೊಂಡು ಹಿಂದಿನಿಂದ ಇಣುಕಿದಳು.

"ಯಪ್ಪಾ, ಇಲ್ಲೊಂದು ಗುಂಡಿ ಅದ. ಈ ಕಡಿ 'ಲೋ' ಅಂತ ಬರದೀಯಲ್ಲ, ಆ ಕಡಿ 'ಬ' ಅಂತ. ಏನಿದು?"

"ಅದಕ್ಕ ಕೈ ಹಚ್ಚಬ್ಯಾಡ," ಎಂದೆ.

ಕಿವಿಯನ್ನೇಕೆ ಮುಚ್ಚಿಕೊಂಡೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಈಗಿನವರಿಗೆ ಶಹನಾಯಿ ರುಚಿಸುವುದಿಲ್ಲವೆಂಬುದು ನನಗೆ ಗೊತ್ತಿರುವ ವಿಷಯವೇ. ಬಾಗಿಲ ಬಳಿ ನನ್ನ ಹೆಂಡತಿ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಗಾಳಿ ಆಗಿಬರುವುದಿಲ್ಲವಂತೆ. ವೈಶಾಖದ ಮಾನ್ವಿಯ ಗಾಳಿ ಒಲೆಯ ಬಾಯಿಂದ ಬಂದಂತಿರುತ್ತದೆ. ಅದು ಯಾರಿಗೆ ತಾನೇ ಆಗಿಬರುತ್ತದೆ? ಆದ್ದರಿಂದ ಅದನ್ನೂ ಕೇಳಲಿಲ್ಲ. ಆದರೆ ಆ ಎರಡು ಅಕ್ಷರಗಳು ನನ್ನನ್ನು ಸುಮ್ಮನೆ ಬಿಡಲಿಲ್ಲ.

'ಬ' ಎಂದರೆ ಬಸಣ್ಣ. ಬಸಣ್ಣ ನನ್ನ ಷಡ್ಡಕ, ಎಂದರೆ ನನ್ನ ಹೆಂಡತಿಯ ತಂಗಿ ಶಾಂತವ್ವನ ಗಂಡ. ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಫಿಟ್ಟರ್ ಆಗಿದ್ದ. ನಾನು ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಾನು ದೊಡ್ಡ ಅಳಿಯ, ಅವನು ಸಣ್ಣ ಅಳಿಯ. ಆದರೆ ವಯಸ್ಸಿನಲ್ಲಿ ಅವನು ನನಗಿಂತ ಎರಡು ವರ್ಷ ದೊಡ್ಡವನು. ಈ ಎರಡು ವರ್ಷಗಳಿಂದ ನಾನು ಪಟ್ಟಷ್ಟು ಪಾಡನ್ನು ಯಾವ ಬರಗಾಲದಿಂದಲೂ ಪಟ್ಟಿಲ್ಲ. ದೇವದುರ್ಗದ ನಮ್ಮ ಮಾವನ ಮನೆಯಲ್ಲಿ ನಡುಗಂಬಕ್ಕೆ ಬೆನ್ನು ಕೊಟ್ಟು ಕೂರುವ ಜಾಗ ಒಂದೇ ಇತ್ತು. ಅದು ದೊಡ್ಡ ಅಳಿಯನಿಗೆ ಸಲ್ಲಬೇಕಾದದ್ದು. ಮೊದಲ ದೀಪಾವಳಿಗೇ ಬಸಣ್ಣ ಅಲ್ಲಿ ಕೂತ. ಹಂಚಿನಿಂದಿಳಿದ ಮೊದಲ ಹೋಳಿಗೆಯೂ ಅವನ ಎಲೆಗೇ ಹೋಯಿತು. "ಆತ ದೂರದಿಂದ ಬಂದಾನಪ್ಪ," ಎಂದರು ನಮ್ಮ ಅತ್ತೆ. ನಾನು ಮರಳಿ ಶಾಲೆಗೆ ಬಂದವನೇ ಜಿಲ್ಲೆಯ ನಕಾಶೆಯ ಮೇಲೆ ದಾರ ಹಿಡಿದು, ರಾಯಚೂರಿನಿಂದ ದೇವದುರ್ಗಕ್ಕೂ ಮಾನ್ವಿಯಿಂದ ದೇವದುರ್ಗಕ್ಕೂ ಇರುವ ದೂರವನ್ನು ಅಳೆದೆ. ವ್ಯತ್ಯಾಸವಿತ್ತು, ಒಪ್ಪುತ್ತೇನೆ. ಒಂದು ಹೋಳಿಗೆಗೆ ಸಾಲುವಷ್ಟಿರಲಿಲ್ಲ.

ಆ ಪೆಟ್ಟಿಗೆಗಳನ್ನು ನಾನು ಕೊಂಡದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ. ರಾಯಚೂರಿನಲ್ಲಿ ನಿಜಾಮರ ಕಾಲದ ಅಧಿಕಾರಿಯೊಬ್ಬರ ಮನೆತನ ಹೈದರಾಬಾದಿಗೆ ಹೊರಟಿತ್ತು, ಸಾಮಾನುಗಳನ್ನು ಮಾರುತ್ತಿದ್ದರು. ಪರದೆಯ ಹಿಂದಿನಿಂದ ಮನೆಯ ಹಿರಿಯಾಕೆ ಒಂದೇ ಪ್ರಶ್ನೆ ಕೇಳಿದರು: ಒಯ್ಯುವುದು ಕೇಳಲಿಕ್ಕೋ, ಕಟ್ಟಿಗೆಗೋ? "ಕೇಳಲಿಕ್ಕೆ," ಎಂದೆ. ಪರದೆಯಾಚೆ ಯಾರೋ ನಿಟ್ಟುಸಿರು ಬಿಟ್ಟರು. ಆಮೇಲೆ ಉಳ್ಳಾಗಡ್ಡಿ ಚೀಲಗಳ ನಡುವೆ ಬಸ್ಸಿನ ಟಾಪಿನ ಮೇಲೆ ಅವು ಮಾನ್ವಿಗೆ ಬಂದವು. ಇಳಿಸುವಾಗ ಕಂಡಕ್ಟರು, "ಮಾಸ್ತರ, ಯಾರು ತೀರಿಕೊಂಡಾರ?" ಎಂದು ಕೇಳಿದ. ಅವನ ಮುಖ ಇಂದಿಗೂ ನೆನಪಿದೆ.

ಶಬ್ದ ಕೇಳಲು ಮೊದಲ ಭಾನುವಾರವೇ ದೇವದುರ್ಗದಿಂದ ಅತ್ತೆ ಮಾವ, ರಾಯಚೂರಿನಿಂದ ಬಸಣ್ಣ ಮತ್ತು ಶಾಂತವ್ವ ಬಂದರು. ನನ್ನ ಹೆಂಡತಿಯೂ ಸೇರಿ ಐವರು. ಈ ಐದು ಎಂಬ ಸಂಖ್ಯೆಯನ್ನು ನೀವು ನೆನಪಿನಲ್ಲಿಡಬೇಕು. ನಾನು ತಟ್ಟೆಯನ್ನು ಒರೆಸಿ, ಸೂಜಿ ಇಳಿಸಿ, ಕೈಕಟ್ಟಿ ನಿಂತೆ. ಶಹನಾಯಿ ಎದ್ದಿತು. ನಮ್ಮ ಮಾವ ಕುರಿ ಕಾಯ್ದು ಬೆಳೆದವರು. ಕತ್ತಲಲ್ಲಿ ಕುರಿಯೊಂದು ಕೆಮ್ಮಿದರೆ ಯಾವ ಕುರಿ ಎಂದು ಹೇಳಬಲ್ಲ ಕಿವಿ ಅವರದು. ಅವರು ಕಣ್ಣು ಮುಚ್ಚಿ ತಲೆದೂಗಿದರು. ಅತ್ತೆ, "ಮದಿವಿ ಮನ್ಯಾಗ ಕುಂತಂಗ ಆಗ್ತದ," ಎಂದರು. ಬಸಣ್ಣ ಎಲೆಯಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ಸರಿಸಿದ.

"ಎಲ್ಲಾ ಛಲೋ ಅದರೀ ಮಾಸ್ತರ," ಎಂದ. "ಆದ್ರ ಪಾಪ, ನೆಗಡಿ ಬಂದಂಗ ಕೇಳ್ತದ."

ಮೊದಲು ನಕ್ಕದ್ದು ಮಾವ. ಅನಂತರ ಅತ್ತೆ. ಶಾಂತವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ಕೊನೆಗೆ ನನ್ನ ಹೆಂಡತಿ, ಅಗ್ನಿಸಾಕ್ಷಿಯಾಗಿ ನನ್ನ ಕೈಹಿಡಿದವಳು, ಅಡುಗೆಮನೆಗೆ ಹೋಗಿ ನಕ್ಕಳು. ಹೊರಡುವಾಗ ಅತ್ತೆ ಪೆಟ್ಟಿಗೆಯನ್ನು ಸವರಿ, "ಅಜವಾನದ ಹೊಗಿ ಕೊಡಪ್ಪ, ಮೂಗು ಬಿಡ್ತದ," ಎಂದರು. ಒಂದು ತಿಂಗಳೊಳಗೆ 'ನೆಗಡಿ ಪೆಟ್ಟಿಗಿ' ಎಂಬ ಹೆಸರು ದೇವದುರ್ಗದ ಓಣಿಯಿಂದ ನಮ್ಮ ಶಾಲೆಯ ಜವಾನನವರೆಗೂ ತಲುಪಿತು. ನಾನು ಅಂದೇ ನಿರ್ಧರಿಸಿದೆ: ಬಸಣ್ಣ ಆ ಮಾತನ್ನು ಹಿಂತೆಗೆದುಕೊಳ್ಳಬೇಕು, ಅದೂ ಆ ಐವರ ಎದುರಿಗೇ, ಆ ಐವರಲ್ಲಿ ಅವನೂ ಒಬ್ಬನಾಗಿ.

ರಾಯಚೂರಿನ ತೀನ್ ಕಂದೀಲ್ ಬಳಿ ಖಾದರಸಾಬ್ ಎಂಬ ರೇಡಿಯೊ ರಿಪೇರಿಯವರಿದ್ದರು. ಪೆಟ್ಟಿಗೆಯ ಬೆನ್ನು ಬಿಚ್ಚಿ ಒಳಗಿನ ಅಂಗೈಯಗಲದ ಹಲಗೆಯೊಂದನ್ನು ಅವರ ಮುಂದಿಟ್ಟೆ. ಅದರ ಮೇಲೆ ತಾಮ್ರದ ತಂತಿಯ ಸುರುಳಿ, ಬೆರಳುದ್ದದ ಕಂಡೆನ್ಸರ್, ಒಂದು ಬಿಳಿಯ ರೆಸಿಸ್ಟರ್. ಇದನ್ನೇ ಕ್ರಾಸ್‌ಓವರ್ ಎನ್ನುತ್ತಾರೆ. ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯ ನೀರನ್ನು ಈ ಹೊಲಕ್ಕಿಷ್ಟು, ಆ ಹೊಲಕ್ಕಿಷ್ಟು ಎಂದು ಬಿಡುವ ನೀರಗಂಟಿ ಇರುವಂತೆ, ಇದು ದನಿಯ ನೀರಗಂಟಿ. ದಪ್ಪ ದನಿಯನ್ನು ದೊಡ್ಡ ಸ್ಪೀಕರಿಗೂ ಸಣ್ಣ ದನಿಯನ್ನು ಸಣ್ಣ ಸ್ಪೀಕರಿಗೂ ಹಂಚಿಕೊಡುತ್ತದೆ. ಸುರುಳಿ ದಪ್ಪ ದನಿಯ ತೂಬು, ಕಂಡೆನ್ಸರ್ ಸಣ್ಣ ದನಿಯ ತೂಬು, ರೆಸಿಸ್ಟರ್ ಎಂದರೆ ಸಣ್ಣ ದನಿ ಮಿತಿಮೀರದಂತೆ ಅಡ್ಡ ಇಟ್ಟ ಕಲ್ಲು.

ಖಾದರಸಾಬರು ಕಂಡೆನ್ಸರನ್ನು ಕಿವಿಯ ಬಳಿ ಅಲ್ಲಾಡಿಸಿದರು. "ಮಾಸ್ತರ್ ಸಾಬ್, ಹಾಡೋರು ಇಬ್ರೂ ಜಿಂದಾ ಅದಾರ. ನಡುವಿನ ನೀರಗಂಟಿ ಖತಂ ಆಗ್ಯಾನ. ಒಣಗಿ ಹೋಗ್ಯಾದ ಇದು. ಫ್ಯಾನಿನ ಕಂಡೆನ್ಸರ್ ಹಾಕ್ರಿ, ನಿಮ್ಮ ಮೊಮ್ಮಕ್ಕಳ ತನಕ ನಡೀತದ."

ಬಸಣ್ಣನ ಮಾತಿಗೆ ಆಧಾರವಿತ್ತೆಂದು ಇದರಿಂದ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ: ಆಧಾರವಿದ್ದರೂ ಅವನಿಗೆ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದೆ ಆಡಿದ ನಿಜವೂ ಉದ್ಧಟತನವೇ.

ಕಂಡೆನ್ಸರೇನೋ ಸಿಕ್ಕಿತು. ಸುರುಳಿಯ ತಂತಿಯೂ ಹಸಿರುಗಟ್ಟಿತ್ತು. ಅದನ್ನು ಹೊಸದಾಗಿ, ಇನ್ನೂ ದಪ್ಪ ತಂತಿಯಿಂದ ಸುತ್ತಿಸಬೇಕೆಂದು ನಾನೇ ಹಟ ಹಿಡಿದೆ. ಮಾನ್ವಿಯಲ್ಲಿ ತಂತಿ ಸುತ್ತಲು ಬಲ್ಲವನು ಒಬ್ಬನೇ: ಕುರ್ಡಿ, ಮಲ್ಲಟ ಊರುಗಳ ರೈತರ ಪಂಪಿನ ಮೋಟಾರುಗಳನ್ನು ಸುತ್ತಿಕೊಡುವ ಈರಣ್ಣ. ಆತ ಬಂದ ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟುತ್ತಿದ್ದ.

"ಎಷ್ಟು ಎಚ್‌ಪಿ ಮಾಸ್ತರ?"

"ಎಚ್‌ಪಿ ಇಲ್ಲಪ್ಪ. ಇದು ನೀರು ಎತ್ತೋದಲ್ಲ, ಹಾಡೋದು."

"ಹಾಡೋದಾದ್ರೂ ಎಚ್‌ಪಿ ಇರಬೇಕಲ್ರೀ. ಇಲ್ಲಂದ್ರ ಚೀಟಿ ಮ್ಯಾಲ ಏನು ಬರೀಲಿ?"

"ಮುಕ್ಕಾಲು ಅಂತ ಬರ್ಕೋ."

'ಮಾಸ್ತರ, ಹಾಡು, ಮುಕ್ಕಾಲು ಎಚ್‌ಪಿ' ಎಂಬ ಆ ಚೀಟಿ ನನ್ನ ಬಳಿ ಇನ್ನೂ ಇದೆ. ಸುತ್ತುಗಳನ್ನು ಅವನು ಮನಸ್ಸಿನಲ್ಲಿ ಎಣಿಸಿದ, ನಾನು ಬಾಯಿಬಿಟ್ಟು ಎಣಿಸಿದೆ. ಮುಗಿದಾಗ ನಮ್ಮಿಬ್ಬರ ಎಣಿಕೆಗಳ ನಡುವೆ ಒಂದು ಸುತ್ತಿನ ವ್ಯತ್ಯಾಸ ಬಂತು. ಬಿಚ್ಚಿ ಮತ್ತೆ ಸುತ್ತಿಸಿದೆ. ಈರಣ್ಣ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ವಾರ್ನಿಷಿನಲ್ಲಿ ಅದ್ದಿದ ಸುರುಳಿಗಳನ್ನು ತಗಡಿನ ಮಾಡಿನ ಮೇಲೆ ಒಣಹಾಕಿದ. ಮಾನ್ವಿಯ ಬಿಸಿಲು ಅವುಗಳನ್ನು ಹಪ್ಪಳದಂತೆ ಸುಟ್ಟುಕೊಟ್ಟಿತು.

ಜೋಡಿಸುವ ದಿನ ಈರಣ್ಣ ತಾನಾಗಿಯೇ ಬಂದ, ಕಂಕುಳಲ್ಲಿ ತೆಂಗಿನಕಾಯಿ ಇಟ್ಟುಕೊಂಡು. ಹೊಸದಾಗಿ ಸುತ್ತಿದ ಮೋಟಾರಿಗೆ ಕಾಯಿ ಒಡೆಯದೆ ಕರೆಂಟು ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ. ಕೊಟ್ಟರೆ ಸುಡುತ್ತದೆ ಎಂದು ಎಲ್ಲರ ನಂಬಿಕೆ.

"ಇದು ಮೋಟಾರಲ್ಲೋ ಈರಣ್ಣ."

"ತಂತಿ ನಾ ಸುತ್ತೀನಿ, ಸುಟ್ರ ಮಾತು ನನಗ ಬರ್ತದ," ಎಂದವನೇ ಪೆಟ್ಟಿಗೆಯ ಮೂಲೆಗೆ ಕಾಯಿಯನ್ನು ಅಪ್ಪಳಿಸಿದ. ಬಾವಿಕಟ್ಟೆಯ ಪಂಪಿನ ಎರಕದ ಕಬ್ಬಿಣಕ್ಕೆ ಒಡೆದು ರೂಢಿಯಾದ ಕೈ. ತೇಗದ ಮರದಲ್ಲಿ ಚಂದ್ರಾಕೃತಿಯ ತಗ್ಗು ಬಿತ್ತು. ನೀರು ಪರದೆಯ ಮೇಲೆ ಹರಿಯಿತು. ನಕಾಶೆಯ ಕಥೆ ಇಷ್ಟೇ.

ಆದರೆ ದನಿ, ಅದನ್ನು ನಾನು ಹೇಗೆ ಹೇಳಲಿ. ಶಹನಾಯಿಯವನು ಎರಡು ಸ್ವರಗಳ ನಡುವೆ ಉಸಿರೆಳೆದುಕೊಳ್ಳುವ ಸದ್ದು ಮೊದಲ ಸಲ ಕೇಳಿಸಿತು. ಆ ಮನುಷ್ಯ ನಮ್ಮ ಪಡಸಾಲೆಯಲ್ಲೇ ಕೂತು ತುಟಿ ಒದ್ದೆ ಮಾಡಿಕೊಂಡಂತಿತ್ತು. ನಾನು ಆ ಸಂಜೆಯೇ ಐವರಿಗೂ ಹೇಳಿಕಳಿಸಿದೆ.

ಐವರೂ ಬಂದರು. ಮಾವ ಕೇಳಿ, "ಈಗ ಗಿಣಿ ಮಾತಾಡಿದಂಗ ಅದ ನೋಡು," ಎಂದರು. ಬಸಣ್ಣ ಎಲೆಯಡಿಕೆ ಸರಿಸಿದ. "ಖರೇ ಹೇಳಲೇನು ಮಾಸ್ತರ? ನೆಗಡಿ ಹಂಗೇ ಅದ."

ಮುಂದಿನ ಎರಡು ವರ್ಷಗಳನ್ನು ನಾನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಅವು ನನಗೆ ಗೌರವ ತರುವಂಥವಲ್ಲ. ನಾನು ರೆಸಿಸ್ಟರನ್ನು ಸಣ್ಣದು ಮಾಡಿದೆ. ಬಸಣ್ಣ, "ಮೂಗಿನ ಒಂದು ಸೊರಳಿ ಬಿಟ್ಟದ," ಎಂದ. ರೆಸಿಸ್ಟರನ್ನೇ ಕಿತ್ತೆಸೆದೆ, ಬೆಕ್ಕು ಮನೆ ಬಿಟ್ಟು ಹೋಯಿತು, ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಚಾಕು ಮಸಿಯವ ಬಂದಾನೇನ್ರೀ, ನಮ್ಮ ಈಳಿಗಿನೂ ಅದ," ಎಂದು ಕೇಳಿದರು, ಬಸಣ್ಣ, "ಈಗ ಸ್ವಲ್ಪ ಮೇಲದ," ಎಂದ. ಕೊನೆಗೆ ಪ್ರತಿ ಪೆಟ್ಟಿಗೆಗೂ ಇನ್ನೊಂದು ಸಣ್ಣ ಸ್ಪೀಕರನ್ನು ಕೂಡಿಸಿದೆ. ಕಣಜದ ಹುಳು ಕಿವಿಗೆ ಹೊಕ್ಕಂತೆ ಅದು ಹಾಡುತ್ತಿತ್ತು. ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ನಾನು ಹಾಡಿಗಾಗಿ ಇದನ್ನೆಲ್ಲ ಮಾಡುತ್ತಿರಲಿಲ್ಲ.

ಅದನ್ನು ಕೇಳಲು ಐವರೂ ಸೇರಿದ ದಿನ ಬಸಣ್ಣ ಬರುವಾಗ ದೀಪದ ಬತ್ತಿಗೆಂದು ಜಿನ್ನಿನಿಂದ ಒಂದು ಚೀಲ ಶುಭ್ರವಾದ ಹತ್ತಿ ತಂದಿದ್ದ. ನಾನು ತಟ್ಟೆ ಹಚ್ಚಿದೆ. ಮಾವ ದವಡೆ ಹಿಡಿದುಕೊಂಡು, "ಹಲ್ಲು ಜುಂ ಅಂತಾವ," ಎಂದು ಹಿತ್ತಲಿಗೆ ನಡೆದರು. ನನ್ನ ಹೆಂಡತಿ ಚೀಲಕ್ಕೆ ಕೈಹಾಕಿ, ಎರಡು ಎಸಳು ಹತ್ತಿ ಕಿತ್ತು ಕಿವಿಗೆ ತುರುಕಿಕೊಂಡು, ತನ್ನ ತಾಯಿಗೂ ತಂಗಿಗೂ ಹಂಚಿದಳು. ಬಸಣ್ಣ ಒಬ್ಬನೇ ಪೆಟ್ಟಿಗೆಯ ಮುಂದೆ ಕೂತಿದ್ದ. ಅವನ ಮುಖ ನಿಧಾನವಾಗಿ ಅರಳಿತು. ಎಲೆಯಡಿಕೆ ಅಗಿಯುವುದನ್ನೂ ಮರೆತಿದ್ದ.

"ಈಗ ಬಂತು ನೋಡ್ರಿ ಮಾಸ್ತರ," ಎಂದ. "ಈಗ ಮೂಗು ಬಿಡ್ತು."

ಅಷ್ಟರಲ್ಲಿ ಅಡುಗೆಮನೆಗೆ ಹೋಗಿದ್ದ ಶಾಂತವ್ವ ಅಲ್ಲಿಂದ, "ಏನ್ರೀ, ಚಹಾ ಆಗ್ಯಾದ," ಎಂದು ಕರೆದಳು. ಆಕೆಯದು ಗೆಜ್ಜೆಯ ಹಾಗೆ ಬಲು ತೆಳ್ಳನೆಯ ದನಿ. ತಟ್ಟೆ ಮುಗಿದು ಮನೆ ನಿಶ್ಶಬ್ದವಾಗಿತ್ತು. ಬಸಣ್ಣ ಅಲುಗಲಿಲ್ಲ. ಆಕೆ ಮೂರು ಸಲ ಕರೆದಳು. ನನ್ನ ಅತ್ತೆ ನನ್ನತ್ತ ನೋಡಿ ತಲೆಯಾಡಿಸಿದರು. ಹೆಂಡತಿಯ ಮಾತಿಗೆ ಓಗೊಡದ ಸೊಕ್ಕಿನವನೆಂದು ಬಸಣ್ಣನಿಗೆ ಆ ಮನೆಯಲ್ಲಿ ಎಂಟು ವರ್ಷಗಳಿಂದ ಹೆಸರಿತ್ತು. ಹಿತ್ತಲಿನಿಂದ ಮಾವ ತಮ್ಮ ಗಡಸು ದನಿಯಲ್ಲಿ, "ಬಸಣ್ಣ," ಎಂದರು. ಅವನು ತಟ್ಟನೆ ಎದ್ದ.

ವಿಜ್ಞಾನದ ಮಾಸ್ತರನಿಗೆ ಅಷ್ಟು ಸಾಕು.

ಮುಂದಿನ ಸಲ ಅವರು ಬಂದಾಗ ನಾನು ಎಲ್ಲವನ್ನೂ ಮೊದಲಿನ ಸರಿಯಾದ ಅಳತೆಗೆ ತಂದಿಟ್ಟಿದ್ದೆ. ಪೆಟ್ಟಿಗೆಯ ಹಿಂದೆ ಕೂತು, ಹಾಡಿನ ನಡುವೆ ಸಣ್ಣ ಸ್ಪೀಕರಿನ ತಂತಿಯನ್ನು ಮೂರು ಸಲ ಕಿತ್ತೆ, ಮೂರು ಸಲ ಮುಟ್ಟಿಸಿದೆ. ಮಾವ ಆರು ಸಲವೂ ತಲೆಯೆತ್ತಿದರು. ಬಸಣ್ಣ ಒಂದು ಸಲವೂ ಎತ್ತಲಿಲ್ಲ. "ಮತ್ತ ನೆಗಡಿ ತಿರುಗಿತಲ್ರೀ ಮಾಸ್ತರ," ಎಂದಷ್ಟೇ ಎಂದ.

ನನ್ನ ಆನಂದವನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ನಾನು ರಿಪೇರಿ ಮಾಡುತ್ತಿದ್ದದ್ದು ನನ್ನ ಪೆಟ್ಟಿಗೆಯನ್ನಲ್ಲ, ಬಸಣ್ಣನ ಕಿವಿಯನ್ನು. ಇದನ್ನು ಮೂರು ವಾಕ್ಯಗಳಲ್ಲಿ ಬರೆದು ಬಾಯಿಪಾಠ ಮಾಡಿದೆ. ಒಂದು: ನನ್ನ ಪೆಟ್ಟಿಗೆಗಳಿಗೆ ನೆಗಡಿ ಇಲ್ಲ. ಎರಡು: ಸಣ್ಣ ದನಿ ಕೇಳಿಸದೆ ಇರುವುದು ನಿನಗೆ. ಮೂರು: ಇದನ್ನು ಬರುವ ಯುಗಾದಿಗೆ ದೇವದುರ್ಗದಲ್ಲಿ ಎಲ್ಲರ ಮುಂದೆ ನೀನೇ ಹೇಳಬೇಕು. ಯುಗಾದಿಯವರೆಗೆ ಕಾಯಲಾಗದೆ ಒಂದು ಶನಿವಾರ ಶಾಲೆ ಬಿಟ್ಟೊಡನೆ ರಾಯಚೂರಿನ ಬಸ್ಸು ಹತ್ತಿದೆ.

ಜಿನ್ನಿನೊಳಗೆ ಅದುವರೆಗೆ ನಾನು ಕಾಲಿಟ್ಟಿರಲಿಲ್ಲ. ಬಾಗಿಲು ದಾಟಿದೊಡನೆ ಸದ್ದು ನನ್ನನ್ನು ಎದೆಯ ಮೇಲೆ ಕೈಯಿಟ್ಟು ತಳ್ಳಿತು. ಸಾಲಾಗಿ ಯಂತ್ರಗಳು, ಗಾಳಿಯ ತುಂಬ ಹತ್ತಿಯ ತುಣುಕು. ನಡುವೆ ಹುಬ್ಬಿನವರೆಗೆ ಬೆಳ್ಳಗಾದ ಬಸಣ್ಣ. ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲವೂ ಕೈಸನ್ನೆ. ನಾನು ಅವನ ಎದುರು ನಿಂತು ಮೂರೂ ವಾಕ್ಯಗಳನ್ನು ಒಂದಕ್ಷರ ಬಿಡದೆ ಹೇಳಿದೆ. ನನಗೇ ನನ್ನ ಮಾತು ಕೇಳಿಸಲಿಲ್ಲ. ಬಸಣ್ಣ ಬಲು ಗೌರವದಿಂದ ಮೂರು ಸಲ ತಲೆಯಾಡಿಸಿ, ದೂರದಲ್ಲಿದ್ದವನಿಗೆ ಎರಡು ಬೆರಳು ತೋರಿಸಿ, ನನ್ನ ರೆಟ್ಟೆ ಹಿಡಿದು ಹೊರಗೆ ಕರೆತಂದ.

"ಚಹಾ ಹೇಳೀನಿ," ಎಂದ. "ಏನೋ ಹೇಳಾಕತ್ತಿದ್ರಲ್ಲ, ಈಗ ಹೇಳ್ರಿ."

ಅಂಗಳದ ಬೇವಿನ ಮರದ ಕೆಳಗೆ ಕೂತೆವು. ಹದಿನಾರು ವರ್ಷ ಅವನು ಆ ಬಾಗಿಲೊಳಗೆ ನಿಂತಿದ್ದ. ಮರದ ತುಂಬ ಗುಬ್ಬಿಗಳು. ನೂರಿದ್ದವೋ ಇನ್ನೂರೋ, ಸಂಜೆಯ ಹೊತ್ತಿಗೆ ಒಟ್ಟಾಗಿ ಎಬ್ಬಿಸುತ್ತಿದ್ದ ಚಿಲಿಪಿಲಿಗೆ ನಾನು ಮಾತು ಆರಂಭಿಸಲು ದನಿ ಏರಿಸಬೇಕಾಗಿತ್ತು. ಬಸಣ್ಣ ಮೇಲೆ ನೋಡಿದ.

"ಮೊದಲ ಈ ಗಿಡದಾಗ ಗುಬ್ಬಿ ಏನು ಗದ್ಲ ಹಾಕ್ತಿದ್ವು ಮಾಸ್ತರ. ಈಗ ಬರ್ತಾವ, ಕುಂದರ್ತಾವ, ಬಾಯಿ ತಗೀತಾವ, ದನಿನೇ ಬರಂಗಿಲ್ಲ. ಹತ್ತಿ ಧೂಳ ಗಂಟಲಕ್ಕ ಹೊಕ್ಕಿರಬೇಕು, ಪಾಪ."

ಒಂದು ಗುಬ್ಬಿ ನನ್ನ ಹೆಗಲ ಮೇಲೆ ಹಿಕ್ಕೆ ಹಾಕಿತು. ನಾನು ಒರೆಸಿಕೊಳ್ಳಲೂ ಇಲ್ಲ.

"ಶಾಂತಿನೂ ಹಂಗೇ," ಎಂದ ಬಸಣ್ಣ, ಚಹಾದ ಬಸಿಯನ್ನು ಊದುತ್ತ. "ಮದಿವಿ ಆದ ಹೊಸದ್ರಾಗ ಎಷ್ಟು ಮಾತಾಡ್ತಿದ್ಲು. ಈಗೀಗ ಮಾತೇ ಬಿಟ್ಟಾಳ. ನನ್ನ ಮ್ಯಾಲ ಏನರ ಸಿಟ್ಟದೋ ಏನೋ. ಕೇಳಾಕ ಧೈರ್ಯ ಆಗಂಗಿಲ್ಲ... ಹೂಂ, ನೀವೇನು ಹೇಳಾಕ ಬಂದಿದ್ರಿ?"

ಮೂರೂ ವಾಕ್ಯಗಳು ನಾಲಿಗೆಯ ತುದಿಯಲ್ಲೇ ಇದ್ದವು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಕಟ್ಟಿದ ವಾಕ್ಯಗಳನ್ನು ನಾನು ಮತ್ತೆ ರಚಿಸಿಲ್ಲ.

"ಏನಿಲ್ಲ," ಎಂದೆ. "ಸ್ವಲ್ಪ ಹತ್ತಿ ಬೇಕಾಗಿತ್ತು, ಬತ್ತಿಗೆ."

"ಇಷ್ಟಕ್ಕ ಬಸ್ಸು ಹತ್ತಿ ಬಂದ್ರೇನು," ಎಂದು ಅವನು ನಕ್ಕ. ಆ ನಗೆಯೂ ನನಗೆ ನೆನಪಿದೆ.

ಬಸ್ಸು ಹತ್ತುವ ಮೊದಲು ಅವನ ಮನೆಗೆ ಹೋಗಿ ಶಾಂತವ್ವನಿಗೆ ಹೇಳಿದೆ: "ಯವ್ವಾ, ಗಂಡನ್ನ ಕರಿಯುವಾಗ ಹೊಟ್ಟಿಯಿಂದ ಕರಿ. ದಪ್ಪ ದನಿಲೆ. ಯಾಕಂತ ಕೇಳಬ್ಯಾಡ, ವಿಜ್ಞಾನದಾಗ ಅದ." ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. ಆದರೆ ಯುಗಾದಿಗೆ ದೇವದುರ್ಗದಲ್ಲಿ, ಬೇವು ಬೆಲ್ಲ ಹಂಚುವ ಹೊತ್ತಿಗೆ, ಅಡುಗೆಮನೆಯಿಂದ ಎಮ್ಮೆ ವ್ಯಾಪಾರಿಯ ಕಂಠದಲ್ಲಿ "ಏನ್ರೀ" ಎಂದೊಂದು ಕೂಗು ಬಂತು. ಬಸಣ್ಣ ಎಲೆಯಡಿಕೆಯ ತಟ್ಟೆ ಚೆಲ್ಲಿ ಎದ್ದು ನಿಂತ. "ಬಂದೆ, ಬಂದೆ," ಎನ್ನುತ್ತ ಒಳಗೆ ಓಡಿದ. ಆ ಮೇಲೆ ಬಹಳ ಹೊತ್ತು ಅವರಿಬ್ಬರೂ ಒಳಗೆ ಮಾತಾಡುತ್ತಿದ್ದರು. ಆಕೆಯ ಮಾತು ಓಣಿಗೆಲ್ಲ ಕೇಳಿಸುತ್ತಿತ್ತು. "ಶಾಂತಿ ಕಡೀಕೂ ಗಂಡನ್ನ ಹದ್ದುಬಸ್ತಿಗೆ ತಂದ್ಲು," ಎಂದರು ನನ್ನ ಅತ್ತೆ.  ನಡುಗಂಬ ಖಾಲಿಯಾಗಿತ್ತು, ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂತೆ.

ಪೆಟ್ಟಿಗೆಯ ಹಿಂದಿನ ಗುಂಡಿಯನ್ನು ಹಾಕಿದ್ದು ಆ ಬೇಸಿಗೆಯ ರಜೆಯಲ್ಲಿ. ಒಂದು ಕಡೆಗೆ ತಳ್ಳಿದರೆ ಕ್ರಾಸ್‌ಓವರ್ ಸರಿಯಾದ ಅಳತೆಯಲ್ಲಿರುತ್ತದೆ. ಅದು ಲೋಕಕ್ಕೆ, ಆದ್ದರಿಂದ 'ಲೋ'. ಇನ್ನೊಂದು ಕಡೆಗೆ ತಳ್ಳಿದರೆ ಅಡ್ಡಗಲ್ಲು ತೆಗೆದಂತೆ, ಸಣ್ಣ ದನಿಯ ತೂಬು ಪೂರ್ತಿ ತೆರೆಯುತ್ತದೆ, ಅದು ಬಸಣ್ಣನಿಗೆ. ಅವನು ಬಂದಾಗ 'ಬ', ಅವನು ಓಣಿಯ ತಿರುವು ದಾಟಿದ ಮೇಲೆ 'ಲೋ'. ನನ್ನ ಹೆಂಡತಿ ಜಿನ್ನಿನ ಹತ್ತಿಯನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿಟ್ಟು, ಬಸಣ್ಣ ಬರುವ ದಿನ ಎಲೆಯಡಿಕೆಯ ಜೊತೆಗೆ ಅದನ್ನೂ ಹೊರಗೆ ತಂದಿಡುತ್ತಿದ್ದಳು. ಅವನು ಪೆಟ್ಟಿಗೆಯ ಮುಂದೆ ಕಣ್ಣರಳಿಸಿ ಕೂರುತ್ತಿದ್ದ. ನಾವೆಲ್ಲ ಬತ್ತಿಯಿಟ್ಟ ಹಣತೆಗಳಂತೆ ಸುತ್ತ ಕೂರುತ್ತಿದ್ದೆವು.

ಇದಕ್ಕೆ ನನಗೆ ದೊರೆತದ್ದೇನು? ಎಂಬತ್ತರ ದಶಕವಿಡೀ ಬಸಣ್ಣ ರಾಯಚೂರಿನಿಂದ ದೇವದುರ್ಗದವರೆಗೆ ಸಿಕ್ಕವರಿಗೆಲ್ಲ ಹೇಳಿದ: "ನಮ್ಮ ಮಾಸ್ತರ ಪೆಟ್ಟಿಗಿಗೆ ಭಾಳ ನೆಗಡಿ ಇತ್ತು. ನಾ ಬೆನ್ನು ಹತ್ತಿ ಬಿಡಿಸಿದೆ. ಮಾಸ್ತರಗ ಕೈ ಅದ, ಕಿವಿ ಇಲ್ಲ." ಕಿವಿ ಇಲ್ಲವಂತೆ. ನನಗೆ. 'ಇತ್ತು' ಎಂದನೇ ಹೊರತು 'ಇರಲಿಲ್ಲ' ಎಂದು ಅವನು ಇಂದಿಗೂ ಅಂದಿಲ್ಲ. ನಾನು ಪ್ರತಿ ಸಲವೂ ತಲೆಯಾಡಿಸಿದ್ದೇನೆ, ಆ ಜಿನ್ನಿನೊಳಗೆ ಅವನು ತಲೆಯಾಡಿಸಿದಷ್ಟೇ ಗೌರವದಿಂದ.

ಕಳೆದ ಭಾನುವಾರ ಇಷ್ಟೆಲ್ಲ ಮನಸ್ಸಿನಲ್ಲಿ ಹಾದುಹೋಗುವಷ್ಟರಲ್ಲಿ ಮಗಳು ಪೆಟ್ಟಿಗೆಯ ಹಿಂದೆಯೇ ನಿಂತಿದ್ದಳು. ನನ್ನ ಮಗಳಾದ್ದರಿಂದ, ಕೈ ಹಚ್ಚಬೇಡವೆಂದದ್ದಕ್ಕೇ ಕೈ ಹಚ್ಚಿದಳು.

"ಇದು 'ಬ' ಕಡಿ ಇತ್ತು ಯಪ್ಪಾ. 'ಲೋ' ಕಡಿ ಮಾಡೀನಿ. ಈಗ ಹೆಂಗದ?"

'ಬ' ಕಡೆಗೆ ಇರಲು ಸಾಧ್ಯವೇ ಇರಲಿಲ್ಲ. ಬಸಣ್ಣ ನಮ್ಮ ಮನೆಗೆ ಬಂದು ಬಹಳ ಕಾಲವಾಗಿದೆ. ಗುಂಡಿಯನ್ನು ಮುಟ್ಟುವವನು ನಾನೊಬ್ಬನೇ. ನಾನು ನೋಡುವುದು ಅಕ್ಷರವನ್ನಲ್ಲ, ಹಾಡು ಯಾವ ಕಡೆ ಸರಿಯಾಗಿದೆಯೆಂಬುದನ್ನು. ಕುರ್ಚಿಯ ಅಂಚಿಗೆ ಬಂದು ಕೇಳಿದೆ. ಅದೇ ತಟ್ಟೆ, ಅದೇ ಶಹನಾಯಿ. ಆದರೆ ಆ ಮನುಷ್ಯನ ಉಸಿರು ಇಲ್ಲ, ತುಟಿಯ ತೇವವಿಲ್ಲ. ಕಂಬಳಿ ಹೊದಿಸಿ ಹಾಡಿಸಿದಂತಿತ್ತು.

"ಏನೋ ಕೆಡಿಸಿದಿ," ಎಂದೆ. "ನೆಗಡಿ ಬಂದಂಗ ಕೇಳ್ತದ."

ಯಾರೂ ನಗಲಿಲ್ಲ. ಮಗಳು ಇನ್ನೊಂದು ಕಿವಿಯಿಂದಲೂ ಕೈ ತೆಗೆದು ತಾಯಿಯ ಮುಖ ನೋಡಿದಳು. ನನ್ನ ಹೆಂಡತಿ ಬೇಳೆಯ ಮೊರವನ್ನು ಕೆಳಗಿಟ್ಟು, ಬಲಗಿವಿಯ ಹತ್ತಿ ತೆಗೆದಳು, ಎಡಗಿವಿಯದನ್ನೂ ತೆಗೆದಳು. ಪಕ್ಕದಲ್ಲಿದ್ದ ಆ ಹಳೆಯ ತಗಡಿನ ಡಬ್ಬಿಯನ್ನು ತೆರೆದು ಎರಡನ್ನೂ ಅದರೊಳಗಿಟ್ಟಳು.

"ಗಾಳಿ ಹೋತೇನು?" ಎಂದು ಕೇಳಿದೆ.

"ಹೋತು."

"ಎಷ್ಟು ದಿವ್ಸಾತು ಈ ಗಾಳಿ ಹತ್ತಿ?"

"ಮೂರು ವರ್ಷಾತು."

"ನನಗೊಂದು ಮಾತು ಹೇಳಬಾರದಿತ್ತೇನು?"

"ನೀವು ಬಸಣ್ಣಗ ಹೇಳಿದ್ರೇನು?"

ಮೂರು ವರ್ಷ. ಇದನ್ನೂ ನಾನು ಮರೆಯುವವನಲ್ಲ. ಸೂಜಿ ತಟ್ಟೆಯ ಮೇಲೆ ಓಡುತ್ತಲೇ ಇತ್ತು. ಲೋಕಕ್ಕೆ ಸರಿಯಾಗಿಯೇ ಕೇಳಿಸುತ್ತಿರಬೇಕು. ಹೆಂಡತಿ ಮೊರವನ್ನು ಮತ್ತೆ ಮಡಿಲಿಗೆ ತೆಗೆದುಕೊಂಡಳು. ಆದರೆ ಡಬ್ಬಿಯ ಮುಚ್ಚಳ ಹಾಕಲಿಲ್ಲ. ನಾನು ಎದ್ದು ಪೆಟ್ಟಿಗೆಯ ಹಿಂದಕ್ಕೆ ಹೋಗುವುದನ್ನೇ ಕಾಯುತ್ತಿದ್ದಳು.